ಹೆಣದ ಗಾಡಿಗೆ ದಾರಿ

ನಮ್ಮೂರಿನಲ್ಲಿ ಕಪ್ಪುಜನಕ್ಕೆ ಆಂಬುಲೆನ್ಸ್ ಎಂದರೆ ನನ್ನ ಹೆಣದ ಗಾಡಿಯೇ. ದಕ್ಷಿಣ ರಾಜ್ಯ ಟೆನ್ನೆಸೀಯ ಈ ಮೂಲೆಯಲ್ಲಿ ಬಿಳಿಯರ ಆಂಬುಲೆನ್ಸ್ ನಮ್ಮ ಬೀದಿಗೆ ಕಾಲಿಟ್ಟದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ಕಾಯಿಲೆಯವರನ್ನು ಸಾಗಿಸುವಾಗ ಗಾಡಿಯ ನೆತ್ತಿಗೆ ಕೆಂಪು ದೀಪ ಸಿಕ್ಕಿಸುತ್ತಿದ್ದೆ. ಸತ್ತವರನ್ನು ಸಾಗಿಸುವಾಗ ದೀಪ ಕಳಚಿ, ಕಿಟಕಿಗೆ ನೇರಳೆ ಪರದೆ ಎಳೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹೆಣ ಸಿದ್ಧಮಾಡಿ ಮಣ್ಣಿಗೆ ಕಳಿಸುವ ನಮ್ಮ ಟಾಲಿವರ್ ಅಂತ್ಯಕ್ರಿಯೆ ಮನೆ ನನ್ನ ಹೆಗಲಿಗೆ ಬಿತ್ತು. ಜೊತೆಗೆ ಊರವರ ಕುಹಕವೂ ಬಂತು. ‘ವರ್ಲೀನ್‌ಗೇನಮ್ಮ, ಹೋಗೋವಾಗ ರೋಗಿ, ಬರೋವಾಗ ಹೆಣ, ಎರಡು ಕಡೆಯಿಂದಲೂ ಬಾಡಿಗೆ’ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಉಸಿರಾಡುವವರನ್ನು ಕರೆದುಕೊಂಡು ಹೋಗಿ ಹೆಣ ಹೊತ್ತು ತಂದದ್ದು ಒಂದೆರಡು ಸಲವಲ್ಲ. ಅದು ನಾನು ಗಾಡಿ ಓಡಿಸಿದ್ದರ ತಪ್ಪೇನೂ ಅಲ್ಲ.

ತಂಬಾಕಿನ ಬೆಳೆಗೆಂದು ಊರು ವರ್ಷಕ್ಕೊಮ್ಮೆ ಮಾಡುವ ಹಬ್ಬದ ಶನಿವಾರ ಮಧ್ಯಾಹ್ನ ಡಾಕ್ಟರ್ ಥೆರನ್ ಮೇಫೀಲ್ಡ್ ಏದುಸಿರು ಬಿಡುತ್ತಾ ನಮ್ಮ ಹಿತ್ತಲಿಗೆ ಬಂದರು. ನಮ್ಮ ಬೀದಿಗಳಿಗೆಲ್ಲ ಇದ್ದವರು ಅವರೊಬ್ಬರೇ ಡಾಕ್ಟರು. ನಮ್ಮ ಚರ್ಚಿನ ಹೆಂಗಸರು ಶುಕ್ರವಾರ ಶುಕ್ರವಾರ ಮೀನು ಕರಿದು ಮಾರಿ, ಆ ದುಡ್ಡಿನಲ್ಲಿ ನ್ಯಾಷ್‌ವಿಲ್‌ನ ನಮ್ಮವರ ವೈದ್ಯ ಕಾಲೇಜಿಗೆ ಕಳಿಸಿ ಓದಿಸಿದ ಹುಡುಗ. ಅವರ ಡಿಗ್ರಿಗೆ ಎಣ್ಣೆಯ ವಾಸನೆ ಇದೆ ಎಂದು ನಾನು ರೇಗಿಸುತ್ತಿದ್ದೆ. ಅವತ್ತು ರೇಗಿಸುವ ಮುಖವಾಗಿರಲಿಲ್ಲ ಅದು.

“ಅಕ್ಕಾ, ಗಾಡಿ ತೆಗೀರಿ. ಇಡೆಲ್ಲಾಗೆ ನಿನ್ನೆ ಸಂಜೆಯಿಂದ ನೋವು. ಮಗು ಹೊಟ್ಟೇಲಿ ಅಡ್ಡ ತಿರುಗಿದೆ. ಕೊಯ್ದೇ ತೆಗೀಬೇಕು.”

“ನಿಮ್ಮ ಕೈಲಿ ಆಗಲ್ವಾ ಡಾಕ್ಟ್ರೇ?”

“ಕೈಗೇನೂ ಕಷ್ಟ ಇಲ್ಲ. ಅವಳ ಅಡುಗೆಮನೆ ಮೇಜಿನ ಮೇಲೆ ಆಗಲ್ಲ ಅಷ್ಟೆ. ರಕ್ತ ಬೇಕು, ಬೆಳಕು ಬೇಕು, ಪ್ರಜ್ಞೆ ತಪ್ಪಿಸೋಕೆ ಇನ್ನೊಬ್ರು ಬೇಕು. ತಡ ಮಾಡಿದ್ರೆ ಇಬ್ಬರೂ ಹೋಗ್ತಾರೆ.”

ಇಡೆಲ್ಲಾ ಕ್ರಂಪ್ ನಮ್ಮ ಹಿಂದಿನ ಬೀದಿಯವಳು. ಬಿಳಿಯರ ಮನೆಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವಳು. ಗಂಡ ರೈಲಿನಲ್ಲಿ ಕೆಲಸಕ್ಕಿದ್ದ, ಅವತ್ತು ಎಲ್ಲೋ ಷಿಕಾಗೋ ದಾರಿಯಲ್ಲಿದ್ದ. ಹಿಂದಿನ ವರ್ಷ ಇದೇ ಇಡೆಲ್ಲಾಳ ಮೊದಲ ಮಗು ಹುಟ್ಟುತ್ತಲೇ ಸತ್ತಿತ್ತು. ಆ ಪುಟ್ಟ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕುಳಿತಿದ್ದಳು. ಈಗ ಸ್ಟ್ರೆಚರಿನಲ್ಲಿ ಮಲಗಿಸಿದಾಗ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. “ಈ ಸಲ ಮಗೂನ ಪೆಟ್ಟಿಗೇಲಿ ತರಬೇಡಿ ಅಕ್ಕಾ.”

ಗುಡ್ಡದ ಮೇಲಿನ ಸರ್ಕಾರಿ ಆಸ್ಪತ್ರೆ ನಾವೂ ಕಂದಾಯ ಕಟ್ಟಿ ಕಟ್ಟಿಸಿದ್ದೇ. ಆದರೆ ನಮಗೆ ಇರುವುದು ಹಿಂಬಾಗಿಲು, ಬಾಯ್ಲರಿನ ಪಕ್ಕದ್ದು. ಆ ಬಾಗಿಲಾಚೆ ನೆಲಮಾಳಿಗೆಯಲ್ಲಿ ನಮ್ಮವರ ವಾರ್ಡು. ಮುಖ್ಯ ನರ್ಸಮ್ಮ ಬಾಗಿಲು ಅರ್ಧ ತೆಗೆದು ನಿಂತರು.

“ಥೆರನ್, ಕೆಳಗಡೆ ಹಾಸಿಗೆ ಖಾಲಿ ಇಲ್ಲ.”

“ಮೇಲುಗಡೆ ಇದೆಯಲ್ಲ ಮೇಡಂ. ಆಪರೇಷನ್ ಕೋಣೆಯೂ ಖಾಲಿ ಇದೆ. ನಿಮ್ಮ ಸರ್ಜನ್ ಬರೋದು ಬೇಡ, ನಾನೇ ಮಾಡ್ತೀನಿ.”

“ಮೇಲುಗಡೆ ನಿಮ್ಮವರಿಗಲ್ಲ ಅಂತ ನಿಂಗೆ ಗೊತ್ತಿಲ್ವಾ? ಜಿಲ್ಲಾ ವೈದ್ಯರ ಸಂಘದ ಸದಸ್ಯರಲ್ಲದೋರು ಇಲ್ಲಿ ಕತ್ತರಿ ಮುಟ್ಟೋ ಹಾಗಿಲ್ಲ, ಅದೂ ಗೊತ್ತು ತಾನೆ?”

ಗೊತ್ತಿಲ್ಲದೆ ಏನು. ಆ ಸಂಘಕ್ಕೆ ನಮ್ಮ ಡಾಕ್ಟರು ವರ್ಷ ವರ್ಷ ಅರ್ಜಿ ಹಾಕುತ್ತಿದ್ದರು. ಬಿಳಿಯರನ್ನು ಮಾತ್ರ ಸೇರಿಸಿಕೊಳ್ಳುವ ಸಂಘ ಅದು. ಸಂಘಕ್ಕೆ ಸೇರದವರಿಗೆ ಆಸ್ಪತ್ರೆ ಇಲ್ಲ, ನಮ್ಮವರಿಗೆ ಸಂಘವೇ ಇಲ್ಲ. ಕೈಕಾಲು ಕಟ್ಟಿ ಹೊಳೆಗೆ ನೂಕಿ, ಯಾಕೆ ಈಜುತ್ತಿಲ್ಲ ಎಂದು ಕೇಳುವ ಬುದ್ಧಿ ಇದು.

“ಹೆರಿಗೆ ನೋವಲ್ಲಿ ಇದಾಳೆ ಮೇಡಂ,” ಎಂದರು ಡಾಕ್ಟರು, ದನಿ ಏರಿಸದೆ.

“ನ್ಯಾಷ್‌ವಿಲ್‌ನಲ್ಲಿ ನಿಮ್ಮದೇ ಕಾಲೇಜಿದೆ, ನಿಮ್ಮದೇ ಆಸ್ಪತ್ರೆ ಇದೆ. ಅಲ್ಲಿಗೇ ಕರ್ಕೊಂಡು ಹೋಗು. ಅದಕ್ಕೇ ತಾನೆ ಅದನ್ನ ಇಟ್ಟಿರೋದು.” ಬಾಗಿಲು ಮುಚ್ಚಿತು.

ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ನಮ್ಮವರಿಗೆ ಏಳು ವೈದ್ಯ ಕಾಲೇಜುಗಳಿದ್ದವು ಎಂದು ನನ್ನ ಮಾವ ಹೇಳುತ್ತಿದ್ದರು. ದೊಡ್ಡ ಮನುಷ್ಯರು ಬಂದು ನೋಡಿ, ಮಟ್ಟ ಸಾಲದು ಎಂದರು. ಮಟ್ಟ ಏರಿಸಲು ಯಾರೂ ಬಿಡಿಗಾಸು ಬಿಚ್ಚಲಿಲ್ಲ. ಒಂದೊಂದಾಗಿ ಬಾಗಿಲು ಹಾಕಿ ಕೊನೆಗೆ ಎರಡು ಉಳಿದವು. ಇಡೀ ದಕ್ಷಿಣದ ಕಪ್ಪು ಬಸಿರು, ಕಪ್ಪು ಜ್ವರ, ಮುರಿದ ಕಪ್ಪು ಮೂಳೆ ಎಲ್ಲದಕ್ಕೂ ಎರಡೇ ಎರಡು ಕಾಲೇಜುಗಳು ಡಾಕ್ಟರನ್ನು ಹೆರಬೇಕು. ಮುಚ್ಚಿಸಿದವರೇ ಈಗ ಕೈ ತೋರಿಸಿ, ನಿಮ್ಮದಿದೆಯಲ್ಲ ಹೋಗಿ ಎನ್ನುತ್ತಾರೆ.

ನ್ಯಾಷ್‌ವಿಲ್‌ಗೆ ಹೋಗಬೇಕಾದರೆ ಊರ ನಡುವಿನ ಸೇತುವೆ ದಾಟಬೇಕು. ಅವತ್ತು ಅಲ್ಲಿ ಹಬ್ಬದ ಮೆರವಣಿಗೆ. ರಸ್ತೆಗೆ ಅಡ್ಡ ಹಲಗೆ ಇಟ್ಟುಕೊಂಡು ನಿಂತಿದ್ದ ಪೊಲೀಸಿನವನು ನನ್ನ ಕೆಂಪು ದೀಪ ನೋಡಿಯೂ ಅಲುಗಲಿಲ್ಲ.

“ಮುಗಿಯೋ ತನಕ ಯಾವ ಗಾಡೀನೂ ಇಲ್ಲ. ಮೇಲಿನ ಸೇತುವೆಗೆ ಸುತ್ತಿ ಹೋಗು.”

“ಒಳಗೆ ಹೆಂಗಸಿಗೆ ಹೆರಿಗೆ ಕಷ್ಟ ಆಗಿದೆ ಸಾರ್.”

“ಹಂಗಾದ್ರೆ ಇಲ್ಲಿ ಮಾತಾಡ್ಕೊಂಡು ಯಾಕೆ ನಿಂತಿದೀಯ? ಬೇಗ ಸುತ್ತು.”

ಮೇಲಿನ ಸೇತುವೆಗೆ ಹೋಗುವುದು ಜಲ್ಲಿಯ ದಾರಿ, ಹಳ್ಳ ದಿಣ್ಣೆ. ಡಾಕ್ಟರು ಹಿಂದಿನಿಂದ, “ಆ ದಾರೀಲಿ ಹೋದ್ರೆ ಉಳಿಯಲ್ಲ ಅಕ್ಕಾ,” ಎಂದರು. ಗಾಡಿಯನ್ನು ಹಿಂದಕ್ಕೆ ತೆಗೆದು ದನದ ಮೇವಿನ ಅಂಗಡಿಯ ಹಿತ್ತಲಲ್ಲಿ ನಿಲ್ಲಿಸಿದೆ.

ಆಗ ಹೊಳೆಯಿತು. ಈ ಊರು ಹೆಣವನ್ನು ಎಂದೂ ತಡೆಯುವುದಿಲ್ಲ. ಶವದ ಮೆರವಣಿಗೆ ಬಂತೆಂದರೆ ಎದುರಿನ ಕಾರು ಪಕ್ಕಕ್ಕೆ ನಿಲ್ಲುತ್ತದೆ, ಬಿಳಿ ಗಂಡಸರು ಟೋಪಿ ತೆಗೆದು ಎದೆಗಿಟ್ಟುಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿ ಇರುವವರು ನಮ್ಮವರಾದರೂ ಸರಿಯೇ. ದಕ್ಷಿಣದ ಮರ್ಯಾದೆಯಂತೆ ಅದು. ಬದುಕಿರುವ ತನಕ ಫುಟ್‌ಪಾತಿನಿಂದ ಕೆಳಗಿಳಿಸುತ್ತಾರೆ, ಸತ್ತ ಮೇಲೆ ದಾರಿ ಬಿಡುತ್ತಾರೆ.

ಕೆಳಗಿಳಿದು ಕೆಂಪು ದೀಪ ಕಳಚಿದೆ. ಪರದೆ ಎಳೆದೆ. ಗಂಡನ ಕರಿ ಹ್ಯಾಟು ಸೀಟಿನಡಿ ಇತ್ತು, ಅದನ್ನು ತಲೆಗಿಟ್ಟು ಕೈಗವಸು ಹಾಕಿಕೊಂಡೆ. ಬಿಳಿ ಹೊದಿಕೆಯನ್ನು ಡಾಕ್ಟರ ಕೈಗೆ ಕೊಟ್ಟೆ. ಅವರಿಗೆ ಅರ್ಥವಾಯಿತು.

“ಬೇಡ ಅಕ್ಕಾ. ಉಸಿರಾಡ್ತಿರೋಳನ್ನ ಸತ್ತಳು ಅನ್ನೋಕೆ ನನ್ನ ಕೈಲಿ ಆಗಲ್ಲ. ಕೇಳಿದ್ರೆ ಏನಂತ ಹೇಳಲಿ?”

ಸ್ಟ್ರೆಚರಿನಿಂದ ಇಡೆಲ್ಲಾ ಹಲ್ಲು ಕಚ್ಚಿಕೊಂಡೇ ಹೇಳಿದಳು. “ಸತ್ತಳು ಅಂತಾನೇ ಹೇಳಿ ಡಾಕ್ಟ್ರೇ. ಬದುಕಿದೀನಿ ಅಂತ ಹೇಳಿ ಏನು ಸಿಕ್ತು? ಆಸ್ಪತ್ರೆ ಬಾಗಿಲೂ ಮುಚ್ಚಿದ್ರು, ದಾರೀನೂ ಮುಚ್ಚಿದ್ರು.”

ಪಕ್ಕದ ಬೀದಿಯಿಂದ ನಿಧಾನಕ್ಕೆ, ಶವದ ಗಾಡಿಯ ಪದ್ಧತಿಯಂತೆ ಹಗಲಲ್ಲೇ ಮುಂದಿನ ದೀಪ ಹೊತ್ತಿಸಿಕೊಂಡು ಬಂದೆ. ಅಲ್ಲಿ ಕಾವಲಿದ್ದವನು ಕ್ಲೆಟಸ್ ಹಾರ್ಗಿಸ್, ಮೋಟಾರ್‌ಸೈಕಲ್ಲಿನ ಪೊಲೀಸು. ನನ್ನನ್ನು ನೋಡಿದ್ದೇ ಅಡ್ಡ ಹಲಗೆ ಸರಿಸಿ ಕೈ ಎತ್ತಿದ. ವಾದ್ಯದವರು ನಿಲ್ಲಿಸಿದರು. ಹೂವಿನ ಗಾಡಿಯ ಮೇಲೆ ಹಬ್ಬಕ್ಕೆಂದು ಆರಿಸಿ ಕೂರಿಸಿದ್ದ ತಂಬಾಕಿನ ರಾಣಿ ತಲೆ ತಗ್ಗಿಸಿದಳು. ರಸ್ತೆಯ ಎರಡೂ ಕಡೆ ಟೋಪಿಗಳು ಒಂದರ ಹಿಂದೊಂದು ಕೆಳಗಿಳಿದವು. ಆಸ್ಪತ್ರೆಯ ಸರ್ಜನ್ ಸಾಹೇಬರೂ ಔಷಧಿ ಅಂಗಡಿಯ ಮುಂದೆ ನಿಂತು ಟೋಪಿ ಎದೆಗೊತ್ತಿಕೊಂಡಿದ್ದರು. ಇಳಿದು ಹೋಗಿ ಆ ಟೋಪಿಯನ್ನು ಕಿತ್ತು ಮುಖಕ್ಕೆ ಎಸೆಯಬೇಕೆನಿಸಿತು.

ಅಷ್ಟರಲ್ಲಿ ನೋವು ಬಂತು ಇಡೆಲ್ಲಾಗೆ. ಹಿಂದಿನಿಂದ ಉದ್ದನೆಯ ನರಳಿಕೆ.

ಹಾರ್ಗಿಸ್ ಕೈ ಅಡ್ಡ ಹಿಡಿದ. “ವರ್ಲೀನ್, ಏನದು ಸದ್ದು?”

“ಹೆಣದ ಹೊಟ್ಟೆಯ ಗಾಳಿ ಸಾರ್. ಬಿಸಿಲಿಗೆ ಹೊರಗೆ ಬರುತ್ತೆ. ನಂಗೆ ದಿನಾ ಇದ್ದದ್ದೇ.”

ಅವನು ಮುಖ ಸಿಂಡರಿಸಿದ. ಆದರೂ ಹಿಂದೆ ಹೋಗಿ ಬಾಗಿಲು ತೆಗೆದ. ನಾನೂ ಇಳಿದು ಹಿಂದೆಯೇ ಓಡಿದೆ. ಬಿಳಿ ಹೊದಿಕೆ ಮುಖದ ತನಕ ಇತ್ತು, ನಡುವೆ ಹೊಟ್ಟೆ ಎದ್ದು ಕಾಣುತ್ತಿತ್ತು. ಡಾಕ್ಟರು ಪಕ್ಕದಲ್ಲಿ ಮಂಡಿಯೂರಿದ್ದರು.

“ಯಾರಿದು?”

“ಇಡೆಲ್ಲಾ ಕ್ರಂಪ್ ಸಾರ್,” ಎಂದೆ. “ಹೊಳೆ ಆಚೆ ತವರಿಗೆ ಒಯ್ತಿದೀವಿ.”

“ನಮ್ಮ ಇಸ್ತ್ರಿ ಇಡೆಲ್ಲಾನಾ?” ಅವನ ದನಿ ಇಳಿಯಿತು. ಅವನು ತೊಟ್ಟಿದ್ದ ಸಮವಸ್ತ್ರದ ಗರಿಗರಿ ಕಾಲರು ಅವಳ ಕೈಯದೇ. “ಮೊನ್ನೆ ಗುರುವಾರ ಬಟ್ಟೆ ತಂದುಕೊಟ್ಟಿದ್ಲಲ್ಲ.” ಆಮೇಲೆ ಡಾಕ್ಟರ ಕಡೆ ತಿರುಗಿದ. “ನೀನು ಅವರ ಡಾಕ್ಟರ್ ಹುಡುಗ ತಾನೆ? ಹೋಗ್ಬಿಟ್ಲಾ?”

ಡಾಕ್ಟರ ಕೈ ಹೊದಿಕೆಯ ಕೆಳಗೆ ಅವಳ ಕೈಯನ್ನು ಹಿಡಿದಿತ್ತು, ಅದು ನನಗೆ ಗೊತ್ತು. “ಹೌದು ಸಾರ್,” ಎಂದರು. “ತಾಯಿ, ಮಗು ಇಬ್ಬರೂ.”

ಹೊದಿಕೆ ಅಲುಗಲಿಲ್ಲ. ಆ ನೋವಿನಲ್ಲಿ ಆ ಹೆಣ್ಣು ಉಸಿರನ್ನೂ ಬಿಡದೆ ಹೇಗೆ ಮಲಗಿದ್ದಳೋ, ಇವತ್ತಿಗೂ ನನಗೆ ತಿಳಿಯದು. ಹಾರ್ಗಿಸ್ ಕಣ್ಣು ಒರೆಸಿಕೊಂಡ. ನಾಟಕವಲ್ಲ, ನಿಜವಾಗಿಯೇ ಒರೆಸಿಕೊಂಡ. “ಪಾಪ, ಒಳ್ಳೆ ಹೆಂಗಸು,” ಎಂದು ಬಾಗಿಲು ಮೆಲ್ಲಗೆ ಮುಚ್ಚಿದ. ಮೋಟಾರ್‌ಸೈಕಲ್ ಹತ್ತಿ ತಾನೇ ಮುಂದೆ ಹೊರಟ. ಸೇತುವೆ ದಾಟಿಸಿ, ಜಿಲ್ಲೆಯ ಗಡಿಯ ತನಕ ನಮಗೆ ಬೆಂಗಾವಲಾಗಿ ಬಂದ. ಗಡಿಯಲ್ಲಿ ಪಕ್ಕಕ್ಕೆ ನಿಂತು ಟೋಪಿ ತೆಗೆದ. ಅವನು ಕಣ್ಮರೆಯಾಗುತ್ತಲೇ ನಾನು ಕೆಂಪು ದೀಪವನ್ನು ಮತ್ತೆ ಸಿಕ್ಕಿಸುವುದಕ್ಕೂ ನಿಲ್ಲದೆ ಗಾಡಿಯನ್ನು ಹಾರಿಸಿದೆ.

ನ್ಯಾಷ್‌ವಿಲ್‌ನಲ್ಲಿ ನಮ್ಮವರ ಆಸ್ಪತ್ರೆಗೆ ಮುಂಬಾಗಿಲಿನಿಂದಲೇ ಒಳಗೆ ಹೋದೆವು. ಗೋಡೆಯ ಸುಣ್ಣ ಉದುರಿತ್ತು, ಕಾರಿಡಾರಿನಲ್ಲೂ ಮಂಚಗಳಿದ್ದವು. ಆದರೆ ಜಾಗ ಇಲ್ಲ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಥೆರನ್ ಅವರಿಗೆ ಕಲಿಸಿದ ಹಿರಿಯ ಸರ್ಜನ್, ತಲೆ ನೆರೆತ ನಮ್ಮವರೇ, ಬಾಗಿ ಹೇಳಿದರು. “ಶ್ರೀಮತಿ ಕ್ರಂಪ್, ಇನ್ನು ನೀವು ಉಸಿರು ಬಿಡಿ. ಎಷ್ಟು ಬೇಕೋ ಅಷ್ಟು ಕೂಗಿ.” ಅವಳು ಕೂಗಿದಳು. ಆಸ್ಪತ್ರೆ ಎಂಬ ಜಾಗದಲ್ಲಿ ಅವಳನ್ನು ಶ್ರೀಮತಿ ಎಂದು ಕರೆದದ್ದು ಅದೇ ಮೊದಲು.

ಇಬ್ಬರು ವಿದ್ಯಾರ್ಥಿಗಳು ಅಂಗಿಯ ತೋಳು ಮಡಿಸಿ ರಕ್ತ ಕೊಡಲು ಕುಳಿತರು. ಹಿರಿಯರು ಚಾಕುವನ್ನು ತಮ್ಮ ಶಿಷ್ಯನ ಕೈಗೇ ಕೊಟ್ಟರು. “ನಿನ್ನ ರೋಗಿ. ನಾನು ಪಕ್ಕದಲ್ಲಿರ್ತೀನಿ.” ಕತ್ತಲಾಗುವ ಮೊದಲೇ ಒಳಗಿನಿಂದ ಮಗು ಅತ್ತದ್ದು ಕೇಳಿತು. ಹೆಣ್ಣು ಮಗು. ತಾಯಿಯೂ ಉಳಿದಳು. ಹೊರಗೆ ಬಂದ ಡಾಕ್ಟರು ನನ್ನ ಪಕ್ಕದ ಬೆಂಚಿನಲ್ಲಿ ಕುಸಿದು ಕುಳಿತರು.

“ನನ್ನ ಬಾಯಿಂದಲೇ ಹೇಳಿದೆ ಅಕ್ಕಾ, ಅವಳು ಕೇಳಿಸ್ಕೊತಿರೋವಾಗಲೇ ಹೇಳಿದೆ.”

“ಹೇಳಿದ್ದಕ್ಕೇ ಬದುಕಿದ್ಲು.”

“ಅದೇ ನನ್ನ ಸಂಕಟ,” ಎಂದರು.

ನಾನೂ ಅತ್ತೆ. ಸಂತೋಷಕ್ಕೆ ಅತ್ತೆ ಎಂದು ಅಲ್ಲಿನ ನರ್ಸಮ್ಮ ಅಂದುಕೊಂಡಿರಬೇಕು. ಸಿಟ್ಟಿಗೆ ಅತ್ತದ್ದು.

ಸೋಮವಾರ ಬೆಳಿಗ್ಗೆ ಅಂತ್ಯಕ್ರಿಯೆ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಹಾರ್ಗಿಸ್, ರಜೆಯ ಬಟ್ಟೆಯಲ್ಲಿ, ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಬೆಣ್ಣೆ ಕೇಕು. ಹೊರಗೆ ಕಾರಿನಲ್ಲಿ ಅವನ ಹೆಂಡತಿ ಕುಳಿತಿದ್ದಳು. ಸಾವಿನ ಮನೆಗೆ ತಿನ್ನಲು ಏನಾದರೂ ಒಯ್ಯುವುದು ಇಲ್ಲಿ ಬಿಳಿಯರಲ್ಲೂ ಉಂಟು, ನಮ್ಮಲ್ಲೂ ಉಂಟು. ಕೇಕನ್ನು ಮೇಜಿನ ಮೇಲಿಟ್ಟ.

“ಮಣ್ಣು ಯಾವತ್ತು ಮಾಡ್ತಾರೆ ವರ್ಲೀನ್? ನನ್ನ ಹೆಂಡತಿ ಹೂವು ಕಳಿಸಬೇಕು ಅಂತಿದಾಳೆ. ಇದನ್ನ ಅವಳ ಗಂಡನಿಗೆ ಕೊಡು.”

ಸುಳ್ಳನ್ನು ಇನ್ನೂ ಒಂದು ದಿನ ಎಳೆಯಬಹುದಿತ್ತು. ಆದರೆ ಈ ವಾರ ಅಲ್ಲದಿದ್ದರೂ ಬರುವ ತಿಂಗಳು ಇಡೆಲ್ಲಾ ಈ ಬೀದಿಯಲ್ಲಿ ಓಡಾಡಬೇಕು. ಅದೂ ಅಲ್ಲದೆ, ಶನಿವಾರ ಕಣ್ಣು ಒರೆಸಿಕೊಂಡವನಿಗೆ ಇದು ಒಳ್ಳೆಯ ಸುದ್ದಿಯೇ ಆದೀತು ಎಂಬ ಆಸೆಯೂ ಇತ್ತು. ಅಷ್ಟು ವಯಸ್ಸಾದರೂ ಆಸೆ ಸತ್ತಿರಲಿಲ್ಲ.

“ಮಣ್ಣು ಇಲ್ಲ ಸಾರ್. ಬದುಕಿದಾಳೆ. ಹೆಣ್ಣು ಮಗು ಆಯ್ತು. ಇಬ್ಬರೂ ಚೆನ್ನಾಗಿದಾರೆ.”

ಅವನ ಮುಖವನ್ನೇ ನೋಡಿದೆ. ಒಂದು ಚೂರು ಸಂತೋಷ, ಬೇಡ, ಸಮಾಧಾನವಾದರೂ ಕಾಣುತ್ತದೆಯೇ ಎಂದು ಹುಡುಕಿದೆ. ಕಿವಿಯಿಂದ ಕೆಂಪೇರತೊಡಗಿ ಕತ್ತಿನ ತನಕ ಇಳಿಯಿತು.

“ನಾನು ಅವಳಿಗೋಸ್ಕರ ಟೋಪಿ ತೆಗೆದೆ,” ಎಂದ. “ಊರೆಲ್ಲಾ ತೆಗೀತು. ಮೆರವಣಿಗೆ ನಿಂತು ಹೋಯ್ತು.”

“ಹೌದು ಸಾರ್.”

“ನನ್ನನ್ನ ಮಂಗ ಮಾಡಿದ್ರಿ. ನೀನು, ಆ ಹುಡುಗ. ನಿನ್ನ ಲೈಸೆನ್ಸ್ ನೋಡ್ಕೊತೀನಿ.”

“ನೋಡ್ಕೊಳ್ಳಿ ಸಾರ್. ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಒಳಗಿರೋಳು ಬದುಕಿದಾಳೆ, ಬೇಗ ಹೋಗಬೇಕು ಅಂದಿದ್ರೆ ನೀವು ದಾರಿ ಬಿಡ್ತಿದ್ರಾ?”

ಅವನು ಸುಳ್ಳು ಹೇಳುವ ಮನುಷ್ಯನಲ್ಲ, ಅದನ್ನು ಒಪ್ಪುತ್ತೇನೆ.

“ಮೇಲಿನ ಸೇತುವೆ ಇತ್ತಲ್ಲ,” ಎಂದ.

ಟೋಪಿಯನ್ನು ತಲೆಗೆ ಒತ್ತಿಕೊಂಡ. ಬಾಗಿಲ ತನಕ ಹೋದವನು ತಿರುಗಿ ಬಂದು ಮೇಜಿನ ಮೇಲಿನ ಕೇಕನ್ನು ಎತ್ತಿಕೊಂಡ. ಮುಚ್ಚಿದ್ದ ಬಟ್ಟೆ ಜಾರಿತು, ಅದನ್ನು ಸರಿಮಾಡಿಕೊಂಡು, ಕಾರಿನಲ್ಲಿ ಕಾಯುತ್ತಿದ್ದ ಹೆಂಡತಿಯ ಮಡಿಲಿಗೆ ಕೊಟ್ಟ.