ಎಡಗಡೆಯ ಅಂಕಣ

ಊಟದ ಕೋಣೆಯಲ್ಲಿ ಯಾರಾದರೂ ಚಾಡಿ ಹೇಳಲು ಬಾಯಿ ತೆರೆದರೆ ಸಾಕು, ನಮ್ಮ ಗ್ರೀಕ್ ಮೇಷ್ಟ್ರು ಚಮಚವನ್ನು ತಟ್ಟೆಯಲ್ಲಿಟ್ಟು "ಯಾರ ಬಾಯಿಂದ?" ಎನ್ನುತ್ತಿದ್ದರು. ಸ್ವತಃ ಕೇಳಿದ್ದೋ, ಬೇಕಾದವರು ಹೇಳಿದ್ದೋ, ಆಗದವರು ಹೇಳಿದ್ದೋ ಎಂದು ತೀರ್ಮಾನವಾಗುವ ಹೊತ್ತಿಗೆ ಚಾಡಿಯ ರುಚಿಯೇ ಕೆಟ್ಟಿರುತ್ತಿತ್ತು. ಆ ಕ್ರೈಸ್ತ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ನನ್ನನ್ನು ಬಿಟ್ಟರೆ ಅವರ ಪಕ್ಕ ಕೂರುವವರು ಕಡಿಮೆ.

ಈ ಚಟ ಅಂಟಿದ್ದು ಕಸುಬಿನಿಂದ. ಕ್ರೈಸ್ತಧರ್ಮದ ಆರಂಭದ ಶತಮಾನಗಳ ಒಬ್ಬ ತತ್ತ್ವಜ್ಞಾನಿಯ ಹಿಂದೆ ಅವರು ಮೂವತ್ತು ವರ್ಷ ಬಿದ್ದಿದ್ದರು. ಸತ್ತ ಸುಮಾರು ಮುನ್ನೂರು ವರ್ಷಗಳ ಮೇಲೆ ಧರ್ಮಸಭೆಯ ಖಂಡನೆಗೆ ಗುರಿಯಾದ ಆತನ ಮುಖ್ಯ ಗ್ರಂಥ ಮೂಲದಲ್ಲಿ ನಷ್ಟವಾಗಿ, ಒಂದಿಷ್ಟು ಅಭಿಮಾನಿ ಅನುವಾದಕನ ಕೈಯಲ್ಲಿ ಮೆತ್ತಗಾಗಿ, ಒಂದಿಷ್ಟು ವಿರೋಧಿಗಳ ಉದ್ಧರಣೆಯಲ್ಲಿ ಮೊನಚಾಗಿ ಉಳಿದಿತ್ತು. ಆದ್ದರಿಂದ ಮೇಷ್ಟ್ರ ಹಾಳೆಗಳಲ್ಲಿ ಮೂರು ಅಂಕಣ: ನಡುವೆ ಮಿತ್ರರ ಪಾಠ, ಬಲಕ್ಕೆ ವೈರಿಗಳ ಪಾಠ, ಎಡಕ್ಕೆ ಅಲ್ಲಿ ಇಲ್ಲಿ ಉಳಿದ ಆತನದೇ ಮಾತು. ಕಟ್ಟಕಡೆಗೆ ಯಾವ ಜೀವವೂ ಹೊರಗುಳಿಯದೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆಂದು ಆತ ಹೇಳಿದನೆನ್ನುವ ಚಿಂತನೆಗೆ ಆಧಾರವಾಗಿ, ಮೇಷ್ಟ್ರಿಗೆ ತೃಪ್ತಿಯಾಗುವಂಥ ನೇರವಾದ ಒಂದು ವಾಕ್ಯ ಸಿಕ್ಕಿರಲಿಲ್ಲ. ಅಲ್ಲಿ ಎಡಗಡೆ ಖಾಲಿಯಿತ್ತು.

ಅವರು ತೊಡುತ್ತಿದ್ದ ಕಂದು ಕೋಟು ಅವರದಲ್ಲ. ತೋಳನ್ನು ಎರಡು ಸಲ ಮಡಚಿಕೊಳ್ಳಬೇಕಿತ್ತು. ಅದು ತಮ್ಮನದು. ಪ್ರಾರ್ಥನೆಗೆ ಬರುವುದನ್ನು ಬಿಟ್ಟ ತಮ್ಮನಿಗೆ "ನೀನು ನಮ್ಮವನಲ್ಲ" ಎಂದು ಮುಖಕ್ಕೆ ಹೇಳಿದ್ದರಂತೆ. ಹದಿನೈದು ವರ್ಷ ಮಾತಿರಲಿಲ್ಲ. ಅವನು ಬೇರೆ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡ ತಿಂಗಳಿಗೆ, ಅವನ ಹೆಂಡತಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಲೈಬ್ರರಿಯಲ್ಲಿ ಮೇಷ್ಟ್ರ ಎದುರು ಕೂತಿದ್ದಳು.

"ಭಾವ, ಕೊನೇಲಿ ನಿಮ್ಮನ್ನೇ ಕೇಳ್ತಿದ್ರು. ಅಣ್ಣನ ಮೇಲೆ ನಂಗೇನೂ ಕೋಪ ಇಲ್ಲ ಅಂದ್ರು."

ಮೂವತ್ತು ವರ್ಷದ ಅಭ್ಯಾಸ ಬಾಯಿಗೆ ಬಂದೇಬಿಟ್ಟಿತು. "ಯಾರ ಬಾಯಿಂದ?" ಎಂದರು ಮೇಷ್ಟ್ರು. "ನೀನೇ ಕೇಳಿದ್ಯಾ?"

ಆಕೆ "ನರ್ಸ್ ಹೇಳಿದ್ರು" ಎಂದು ಕೋಟನ್ನು ಮೇಜಿನ ಮೇಲಿಟ್ಟು ಎದ್ದಳು. "ನೀರಾದ್ರೂ ಕುಡಿದು ಹೋಗಮ್ಮ" ಎಂದು ಇವರಿಗೆ ಹೊಳೆಯುವಷ್ಟರಲ್ಲಿ ಆಕೆ ಬೀದಿಯ ತಿರುವು ದಾಟಿದ್ದಳು. ಆಮೇಲೆ ಬರೆದ ನಾಲ್ಕು ಕಾಗದಗಳಿಗೂ ಉತ್ತರ ಬರಲಿಲ್ಲ.

"ಅವಳೇ ಕೇಳಿಸಿಕೊಂಡಿರಬಹುದು" ಎಂದು ಒಮ್ಮೆ ಮೇಷ್ಟ್ರು ತಾವಾಗಿ ಅಂದರು. "ನಾನು ಹಾಗೆ ಕೇಳಿದ್ದಕ್ಕೆ ಬೇಜಾರಾಗಿ ನರ್ಸ್ ಅಂದಿರಬಹುದು. ಈಗ ಹೇಗೆ ಗೊತ್ತಾಗಬೇಕು?" ತಮ್ಮನ ಒಂದು ಮಾತಿಗಾಗಿ ಅಷ್ಟು ಹಂಬಲಿಸಿದ ಮುಖವನ್ನು ನೋಡಲಾರದೆ ನಾನು ಪುಸ್ತಕಗಳ ಕಡೆ ತಿರುಗಿದೆ.

ಅವರ ಗ್ರಂಥ ಅಚ್ಚಿಗೆ ಹೋದಾಗ, ಕಾಗದ ದಂಡ, ಖಾಲಿ ಅಂಕಣ ತೆಗೆಯೋಣ ಎಂದು ಮುದ್ರಕ ಗೋಗರೆದ. ಮೇಷ್ಟ್ರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಗ ನಾನು ಕೇಳಿದೆ: "ಎಲ್ಲರೂ ಮರಳ್ತಾರೆ ಅಂತ ಆತ ನಿಜವಾಗಿ ಹೇಳಿದ್ನಾ ಮೇಷ್ಟ್ರೇ?"

ಅವರು ಕೋಟಿನ ತೋಳನ್ನು ಬಿಡಿಸಿ ಮತ್ತೆ ಮಡಚಿದರು. "ಸಾಕಷ್ಟು ಆಧಾರ ಇಲ್ಲ. ಹೇಳಿರ್ಲಿ ಅಂತ ನಂಗಾಸೆ. ಆಸೇನ ಎಡಗಡೆ ಬರೆಯೋ ಹಾಗಿಲ್ಲ."

ಇಂಥವರ ಪಂಗಡವೇ ಬೇರೆ. ಭಕ್ತರು ಖಾಲಿ ಜಾಗವನ್ನು ತುಂಬಿಬಿಡುತ್ತಾರೆ, ಸಂಶಯವಾದಿಗಳು ಅಳಿಸಿಬಿಡುತ್ತಾರೆ. ಇವರು ಗೆರೆ ಎಳೆದು, ಜಾಗ ಬಿಟ್ಟು, ಕಾಯುತ್ತ ಕೂರುತ್ತಾರೆ. ಯಾರ ಬಾಯಿಂದ ಎಂದು ಕೇಳದೆ ಇರಲಾರರು. ಕೇಳಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಳ್ಳಲಾರರು.