ದಡಕ್ಕೆ ಸುರಿದ ಮರಳು

ಹೊನ್ನಾಳಿ ಕಡೆಯ ನಮ್ಮ ಹೊಳೆದಂಡೆಯ ಊರುಗಳಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೂ ಇದೇ ಗೋಳು. ತುಂಗಭದ್ರೆ ಉಕ್ಕಿ ಬರುತ್ತಾಳೆ, ದಡದ ಮರಳನ್ನು ಬಳಿದುಕೊಂಡು ಹೋಗುತ್ತಾಳೆ. ಬಟ್ಟೆ ಒಗೆಯಲು, ದನದ ಮೈ ತೊಳೆಯಲು ಇಳಿಯುವ ಜಾಗವೇ ಇಲ್ಲದಂತಾಗುತ್ತದೆ. ಕಾರ್ತಿಕದಲ್ಲಿ ಗಂಗೆಪೂಜೆ ಬೇರೆ. ಆಗ ಊರವರು ಏನು ಮಾಡುತ್ತಾರೆ? ಟ್ರ್ಯಾಕ್ಟರ್ ಇಳಿಸಿ, ದಡದ ಎದುರಿಗೇ ನೀರಿನಲ್ಲಿರುವ ಮರಳು ತೋಡಿ ದಡಕ್ಕೆ ಸುರಿಯುತ್ತಾರೆ. ಹೊಳೆಯ ಮರಳು ಹೊಳೆಯ ದಡಕ್ಕೇ ತಾನೇ, ಅದರಲ್ಲಿ ತಪ್ಪೇನು ಅಂದುಕೊಳ್ಳುತ್ತಾರೆ.

ಓಬಣ್ಣನೂ ಹಾಗೇ ಅಂದುಕೊಂಡಿದ್ದ. ಹೋದ ವರ್ಷ ಆ ಟ್ರ್ಯಾಕ್ಟರ್ ಓಡಿಸಿದ್ದು ಅವನೇ. ಪೂಜೆ ಚೆನ್ನಾಗಿ ನಡೆಯಿತು. ಅದಾಗಿ ಸ್ವಲ್ಪ ದಿನಕ್ಕೆ ಅವನ ಮಗಳು ಧನುಶ್ರೀ ಬಟ್ಟೆ ಒಗೆಯಲು ಹೋದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಚಿಕ್ಕಂದಿನಿಂದ ಅವಳು ನಿಲ್ಲುತ್ತಿದ್ದ, ಮೊಣಕಾಲುದ್ದ ನೀರಿನ ಜಾಗ. ಕಾಲಿಟ್ಟಲ್ಲೇ ದಡ ಜಾರಿತು. ಎದುರಿಗೆ ಮರಳು ತೋಡಿದ ಗುಂಡಿ ಇತ್ತು. ಅವಳು ಮೇಲೆ ಬರಲಿಲ್ಲ.

ಈ ವರ್ಷ ದಡ ಮತ್ತೆ ಕೊಚ್ಚಿಹೋಯಿತು. ಓಬಣ್ಣ ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತಿದ್ದುದನ್ನು ಕಂಡು ಹೆಂಡತಿ ಸುಂಕಲಮ್ಮ ಅಂಗಳದಲ್ಲೇ ಕೂತುಬಿಟ್ಟಳು. ಸವಳಂಗದಲ್ಲಿ ಟೀಚರ್ ಆಗಿರುವ ಅವಳ ತಂಗಿ ಕಲ್ಪನಾ ಅಂದು ಅಕ್ಕನನ್ನು ನೋಡಲು ಬಂದಿದ್ದಳು.

“ಮತ್ತೆ ಅದೇ ಹೊಳೆಗೆ ಇಳಿಯಾಕೆ ಹೊಂಟ್ರೇನ್ರಿ?” ಎಂದಳು ಸುಂಕಲಮ್ಮ.

“ಊರೋರ ಪೂಜೆ ನಿಲ್ಸಾಕೆ ಆಗ್ತೈತಾ?” ಓಬಣ್ಣ ಅವಳ ಮುಖ ನೋಡಲಿಲ್ಲ. “ಧನು ಹೋಗಿದ್ದು ಗುಂಡಿಯಿಂದ ಅಲ್ಲ ಕಣೇ. ಗಂಗಮ್ಮ ಕರ್ಕೊಂಡ್ಳು. ಗುಂಡೀನ ಹೊಳೆ ತಾನೇ ತುಂಬ್ತೈತೆ.”

ಪಾಪ, ಹಾಗೆ ನಂಬದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಕಲ್ಪನಾಗೆ ಅದು ಗೊತ್ತಿತ್ತು. ಆದರೂ ಅವಳು ಸುಮ್ಮನಿರಲಿಲ್ಲ. ಅಂಗಳದಲ್ಲಿದ್ದ ಭತ್ತದ ರಾಶಿಯನ್ನು ತೋರಿಸಿದಳು.

“ಭಾವ, ಬೇಜಾರ್ ಮಾಡ್ಕೊಬ್ಯಾಡ್ರಿ. ಈ ರಾಶಿ ಬುಡದಿಂದ ಭತ್ತ ತೆಗೆದು ಮ್ಯಾಲೆ ಹಾಕ್ರಿ, ನೋಡಾಣ.”

ಓಬಣ್ಣ ಬೊಗಸೆ ತುಂಬ ತೆಗೆದು ಹಾಕಿದ. ಹಾಕಿದ್ದು ಜಾರಿ ಬುಡಕ್ಕೇ ಬಂತು. ಮತ್ತೆ ಹಾಕಿದ. ಈ ಸಲ ರಾಶಿಯ ಒಂದು ಮಗ್ಗುಲೇ ಕುಸಿಯಿತು.

“ದಡಾನೂ ಹಿಂಗೇ. ಎದುರಿನ ಮರಳು ತೋಡಿದ್ರೆ ದಡಕ್ಕೆ ಬುಡ ಎಲ್ಲೈತೆ? ಗುಂಡಿ ತುಂಬಾಕೆ ದಡಾನೇ ಜಾರ್ತೈತೆ. ಅದ್ಕೇ ನೀವು ಎಷ್ಟು ಸುರಿದ್ರೂ ನಿಲ್ತಿಲ್ಲ.”

ಓಬಣ್ಣ ಕೈಯಲ್ಲಿದ್ದ ಭತ್ತವನ್ನು ಕೆಳಗಿಡಲಿಲ್ಲ. “ಆ ಗುಂಡಿ ನಾನೇ ತೋಡಿದ್ದು, ಕಲ್ಪನಾ,” ಎಂದವನೇ ಅಳಲು ಶುರುಮಾಡಿದ. ಮಗಳು ಹೋದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಸುಂಕಲಮ್ಮ ಎದ್ದು ಬಂದು ಗಂಡನ ಪಕ್ಕ ಕೂತಳು.

ಕಣ್ಣೊರೆಸಿಕೊಂಡು ಓಬಣ್ಣನೇ ಕಲ್ಪನಾಳನ್ನು ಕೇಳಿದ. “ದಡ ಅಂತೂ ಬೇಕಲ್ಲ. ಮರಳು ಎಲ್ಲಿಂದ ತರಾದು?”

“ನೆರೆ ಬಂದಾಗ ಹೊಳೆ ಪಕ್ಕದ ಕೊಟ್ರಬಸಪ್ಪಣ್ಣನ ಗದ್ದೆ ಮ್ಯಾಲೆ ಮರಳು ಬಂದು ಕುಂತೈತಲ್ರಿ. ಅವ್ರಿಗೂ ಅದು ಕಾಟ. ಪಂಚಾಯ್ತಿಗೆ ಅರ್ಜಿ ಕೊಟ್ಟು, ಪರ್ಮಿಶನ್ ಸಿಕ್ಕ ಮ್ಯಾಲೆ ಅದನ್ನ ದಡಕ್ಕೆ ಹಾಕಾಣ. ಮ್ಯಾಲೆ ಲಾವಂಚ ನೆಟ್ರೆ ಬೇರು ಮಣ್ಣನ್ನ ಹಿಡ್ಕೊಂತೈತೆ. ಹಳೇ ಗುಂಡಿ ಇರೋ ಕಡೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಾಣ, ಯಾರೂ ಇಳೀಬಾರ್ದು.”

ಸಂಜೆ ಓಬಣ್ಣ ಊರವರ ಮುಂದೆ ನಿಂತ. “ಈ ವರ್ಷ ಪೂಜೆ ಗುಡಿ ಹತ್ರ ಕೊಡದ ನೀರಿಗೆ ಮಾಡ್ರಪ್ಪ. ನಾನಂತೂ ಟ್ರ್ಯಾಕ್ಟರ್ ಇಳಿಸಲ್ಲ. ನನ್ ಮಗಳನ್ನ ಗಂಗಮ್ಮ ಕರೀಲಿಲ್ಲ. ನಾವು ತೋಡಿದ ಗುಂಡಿ ನುಂಗ್ತು.” ಎದುರು ಕೂತವರು ತಲೆಯಾಡಿಸಿ ಒಪ್ಪಿದರು. ಅವರ ಮಕ್ಕಳೂ ಅಲ್ಲೇ ಇಳಿಯುತ್ತಿದ್ದವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ದಡವೂ ಕೊಚ್ಚಿಹೋಗಿದೆಯೇ? ದಡ ತುಂಬಿಸಿ, ಆದರೆ ಹೊಳೆಯ ಒಡಲು ತೋಡಬೇಡಿ. ಮೊದಲು ಪಂಚಾಯ್ತಿಯವರನ್ನು ಕೇಳಿ. ತೋಡಿದ ಗುಂಡಿ ಇದ್ದರೆ ಇವತ್ತೇ ಗುರುತು ಹಾಕಿ, ಮಕ್ಕಳಿಗೆ ತೋರಿಸಿ ಹೇಳಿ. ಸುಂಕಲಮ್ಮನ ಮನೆಗೆ ಈ ಮಾತು ತಡವಾಗಿ ಬಂತು. ನಿಮ್ಮ ಮನೆಗೆ ಇನ್ನೂ ಹೊತ್ತಿರುವಾಗಲೇ ಬಂದಿದೆ.