ಗೋವಿಂದಪ್ಪನ ನಾಲ್ಕು ಸಾಲು

ಓದಿರದ ಪದ್ಯ ಎದುರಿಗೆ ಬಂದರೆ ಅರ್ಥಕ್ಕೆ ಕೈಹಾಕಬೇಡಿ, ಮೊದಲು ಮಾತಾಡುವವರು ಯಾರು, ಏನು ಮಾಡುತ್ತಿದ್ದಾರೆ ನೋಡಿ ಎಂದು ಮೂವತ್ತು ವರ್ಷ ಮಕ್ಕಳ ತಲೆ ತಿಂದವನು ನಾನು. ಕೇಳದವರಿಗೆ ಬೈಗುಳವೂ ಧಾರಾಳವಾಗಿತ್ತು. ಆ ಪಾಠ ನನಗೇ ಬರುತ್ತಿರಲಿಲ್ಲವೆಂದು ಬೆಟಗೇರಿಯ ಮಲ್ಲವ್ವ ತೋರಿಸಿಕೊಟ್ಟಳು.

ಅವಳ ಗಂಡ ಗೋವಿಂದಪ್ಪ ನೇಕಾರ. ಹತ್ತಿರದ ಹಳ್ಳಿ ಹಿರೇಹಂದಿಗೋಳದ ಬಾವಿಯಲ್ಲಿ ಅವನ ಹೆಣ ಸಿಕ್ಕು ಒಂಬತ್ತು ತಿಂಗಳಾಗಿತ್ತು. ಜಾರಿ ಬಿದ್ದನೋ, ಬೇಕೆಂದೇ ಬಿದ್ದನೋ ಯಾರೂ ಕಂಡಿರಲಿಲ್ಲ. ಓಣಿಯವರು ಮಾತ್ರ ಕಣ್ಣಾರೆ ಕಂಡವರಂತೆ ಎರಡನೆಯದನ್ನೇ ಹೇಳುತ್ತಿದ್ದರು. ಮಲ್ಲವ್ವ ಆಗ ಮಗಳ ಬಾಣಂತನಕ್ಕೆಂದು ಶಿರಹಟ್ಟಿಯಲ್ಲಿದ್ದಳು. ತನಗೊಂದು ಮಾತು ಹೇಳದೆ ಹೋದನಲ್ಲ ಎಂಬ ಸಿಟ್ಟಿಗೆ ಅವಳು ಅತ್ತೇ ಇರಲಿಲ್ಲ.

ಒಂದು ಮಧ್ಯಾಹ್ನ ಹಳೆಯ ನೋಟುಬುಕ್ಕು ಹಿಡಿದು ನನ್ನ ಮನೆಗೆ ಬಂದಳು.

"ಟ್ರಂಕಿನ್ಯಾಗ ಸಿಕ್ತರಿ ಮಾಸ್ತರ. ನನಗ ಓದಾಕ ಬರಂಗಿಲ್ಲ. ಏನ ಬರದಾರ, ಖರೆ ಹೇಳ್ರಿ."

ಸಾಯುವ ಹಿಂದಿನ ದಿನದ ತಾರೀಖು ಹಾಕಿ ಗೋವಿಂದಪ್ಪ ನಾಲ್ಕೇ ಸಾಲು ಬರೆದಿದ್ದ. ಗಟ್ಟಿಯಾಗಿ ಓದಿದೆ:

ಸೀರೆ ಮುಗಿಯಿತು, ಕತ್ತರಿಸಿದೆನು ಇಂದು,
ಗೇಣುದ್ದ ಎಳೆಯನು ಮಗ್ಗಕೇ ಬಿಟ್ಟೆ.
ದಣಿದ ಕೈಗಳೇ, ಸುಮ್ಮನೆ ಮಲಗಿ,
ಕಿಟಕಿಯ ಬೆಳಕೂ ಮುಗಿಯುತ ಬಂತು.

ಮುಗಿಯಿತು, ಕತ್ತರಿಸಿದೆ, ಮಲಗಿ. ನನಗೆ ಅಷ್ಟೇ ಸಾಕಾಯಿತು. "ಇದು ವಿದಾಯದ ಪದ್ಯ, ಮಲ್ಲವ್ವ. ಹೇಳೇ ಹೋಗ್ಯಾರ" ಎಂದುಬಿಟ್ಟೆ. ಎಂಥ ಆತುರ ನನ್ನದು!

ಅವಳು ಎದ್ದು ಬಾಗಿಲತನಕ ಹೋಗಿ ನಿಂತಳು. "ಎರಡನೇ ಸಾಲು ಇನ್ನೊಮ್ಮೆ ಓದ್ರಿ."

ಓದಿದೆ.

"ಎಳಿ ಮಗ್ಗದಾಗ ಬಿಟ್ಟೀನಿ ಅಂತಾರಲ್ಲರಿ. ನೇಯೋದು ಬಿಡಾಂವ ಎಳಿ ಯಾಕ ಬಿಡ್ತಾನ? ಪೂರಾ ತಗದುಬಿಡ್ತಾನ. ಹಳೇ ಎಳಿ ತುದೀಗೆ ಹೊಸಾ ಸೀರಿ ಹಾಸಿನ ಎಳಿ ಒಂದೊಂದ ಜೋಡಸಾಕ ಅದನ್ನ ಬಿಡ್ತೇವ್ರಿ. ಇನ್ನೊಂದು ಸೀರಿ ನೇಯಾವ್ರಿದ್ರು ಅವರು."

"ಮಗ್ಗದಾಗ ಆ ಎಳಿ ನೀವು ನೋಡಿದ್ದಿಲ್ಲೇನು?"

"ನಾ ಬರೂದ್ರಾಗ ಮೈದುನ ಮಗ್ಗ ಬಿಚ್ಚಿ ಇಟ್ಟಿದ್ದರಿ."

ಮತ್ತೆ ಓದಿದೆ. ಈ ಸಲ ಅಲ್ಲಿ ಒಬ್ಬ ನೇಕಾರ ಕೆಲಸ ಮುಗಿಸಿ, ನಾಳೆಗೆ ಅಣಿಮಾಡಿ ಕುಳಿತಿದ್ದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾತು ತಾಯಿ. ನೀವು ಹೇಳಿದ್ದ ಖರೆ."

"ಅಂದ್ರ, ಜಾರಿ ಬಿದ್ದಾರೇನ್ರಿ?"

"ನನಗೂ ಹಂಗ ಅನಸ್ತೈತಿ."

ಅವಳ ಮುಖದ ಸಿಟ್ಟು ಇಳಿಯಿತು. ಸದ್ಯ, ಇನ್ನಾದರೂ ಅವಳಿಗೆ ನೆಮ್ಮದಿ ಎಂದುಕೊಂಡೆ. ಅದೂ ಅವಸರವೇ. ಮಲ್ಲವ್ವ ಗೋಡೆಗೆ ಒರಗಿ ಕುಸಿದು ಕುಳಿತಳು. ಒಂಬತ್ತು ತಿಂಗಳ ಅಳು ಒಮ್ಮೆಲೇ ಬಂತು.

"ಹಂಗಾದ್ರ ಕೂಗಿರ್ತಾರ್ರಿ ಮಾಸ್ತರ," ಎಂದಳು. "ಯಾರರ ಬರ್ರಿ ಅಂತ ಕೂಗಿರ್ತಾರ."